ಮೂರು ಅರ್ಧ ಸ್ವರ ಕೆಳಗೆ: ಟೋನಿ ಅಯೋಮಿ ಶ್ರುತಿಗೆ ಗಿಟಾರ್ ಇಳಿಸೋದು

ಹಳೇ ಸ್ಟ್ರಿಂಗ್ ಬಿಚ್ಚೋದು ಹೆಂಗೆ ಅಂತ ಹೇಳಲ್ಲ, ವಿಡಿಯೋದಲ್ಲಿ ಕಾಣ್ತಿದೆಯಲ್ಲ. ಈ ಕೆಲಸ ಮುಗಿಯೋವರೆಗೂ ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಗಿಟಾರಿಸ್ಟ್ ಟೋನಿ ಅಯೋಮಿ ವಿಷಯ ಮಾತಾಡೋಣ. ಹೆವಿ ಮೆಟಲ್‌ನ ಬೇರು ಹುಡುಕ್ತಾ ಹೋದ್ರೆ ಸಿಗೋದು ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆ.

1965, ವಯಸ್ಸು 17. ಅಲ್ಲಿ ಅವರಿಗೆ ಅದೇ ಕೊನೇ ದಿನ. ಇವರದು ವೆಲ್ಡಿಂಗ್ ಕೆಲಸ. ಪ್ರೆಸ್ ಮಷೀನಿನವರು ಬಂದಿಲ್ಲ ಅಂತ ಇವರನ್ನ ತಂದು ಅಲ್ಲಿ ನಿಲ್ಲಿಸಿದ್ರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೋರು ವಾಪಸ್ ಹೋಗಲ್ಲ ಅಂದ್ರಂತೆ, ಅಮ್ಮ ಬಿಡಲಿಲ್ಲ, ಕಳಿಸಿದ್ರು. ಪ್ರೆಸ್‌ಗೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರಬೆರಳು, ಎರಡರ ತುದಿನೂ ಹೋಯ್ತು. ಮನುಷ್ಯ ಎಡಚ. ಅಂದ್ರೆ ಗಿಟಾರ್ ಕುತ್ತಿಗೆಯ (ನೆಕ್) ಫ್ರೆಟ್ ಪಟ್ಟಿಗಳ ಮೇಲೆ ತಂತಿ ಒತ್ತೋ ಕೈಯೇ ಅದು.

ಪಾತ್ರೆ ತೊಳೆಯೋ ಲಿಕ್ವಿಡ್‌ನ ಬಾಟ್ಲಿ ಕರಗಿಸಿ ಉಂಡೆ ಮಾಡಿದ್ರು. ಬಿಸಿ ಸೋಲ್ಡರಿಂಗ್ ಐರನ್‌ನಲ್ಲಿ ತೂತು ಕೊರೆದು, ಉಜ್ಜಿ ಉಜ್ಜಿ ಬೆರಳಿಗೆ ಟೊಪ್ಪಿಗೆ ಮಾಡ್ಕೊಂಡ್ರು. ಬರೀ ಪ್ಲಾಸ್ಟಿಕ್ ತಂತಿ ಮೇಲೆ ಜಾರುತ್ತೆ, ಅದಕ್ಕೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ್ರು. ಆದ್ರೂ ತಂತಿ ಸ್ಪರ್ಶಕ್ಕೆ ಸಿಗಲ್ಲ, ಎಷ್ಟು ಒತ್ತಿದೀವಿ ಅಂತ ಗೊತ್ತಾಗಲ್ಲ. ದಪ್ಪ ತಂತಿ ಆಗಲ್ಲ ಅಂತ ಬ್ಯಾಂಜೋ ತಂತಿ ಹಾಕಿದ್ರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ ಬರೋ ಹೊತ್ತಿಗೆ ಕೆಲವು ಹಾಡಿಗೆ ಶ್ರುತಿನೇ ಮೂರು ಅರ್ಧ ಸ್ವರ ಇಳಿಸಿಬಿಟ್ರು, ಇ ಇದ್ದಿದ್ದು ಸಿ ಶಾರ್ಪ್.

ಲೆಕ್ಕ ಇಷ್ಟು: ದಪ್ಪ ತಂತಿ 82.4 ಹರ್ಟ್ಸ್‌ನಿಂದ 69.3ಕ್ಕೆ ಇಳಿಯುತ್ತೆ. ಬಿಗಿ ಸುಮಾರು 71 ಪರ್ಸೆಂಟ್ ಉಳಿಯುತ್ತೆ. 9-42 ಸೆಟ್ಟನ್ನ (ಇಂಚಿನ ಸಾವಿರದ ಭಾಗದಲ್ಲಿ ತೆಳು ತಂತಿ 9, ದಪ್ಪದ್ದು 42) ಹಂಗೇ ಇಳಿಸಿದ್ರೆ ತಂತಿ ಜೋತುಬೀಳುತ್ತೆ, ಗಟ್ಟಿಯಾಗಿ ಒತ್ತಿದ್ರೆ ಸ್ವರ ಮೇಲಕ್ಕೆ ಹೋಗುತ್ತೆ. ಎಳೆತ ಕಡಿಮೆ ಆಗಿ ನೆಕ್ ಹಿಂದಕ್ಕೆ ವಾಲಿ, ಮೊದಲ ಫ್ರೆಟ್‌ಗಳಲ್ಲಿ ಗರಗರ ಅನ್ನುತ್ತೆ. ಹಳೇ ಬಿಗಿನೇ ಬೇಕಂದ್ರೆ 11-50 ಹಾಕಿ. ಅಯೋಮಿಗೆ ಬೇಕಾಗಿದ್ದೇ ಸಡಿಲ, ಹಂಗಾಗಿ 11-50 ಮೋಸ... ಇಲ್ಲ ಇಲ್ಲ, ಮಾತು ವಾಪಸ್. ಆ ಹಗುರದ ಕೈ ನಮಗೆಲ್ಲಿದೆ, ಹಾಕ್ಕೊಳ್ಳಿ.

ಈಗ ಕೇಳಿ ಈ ಸದ್ದು. ಟಿಣ್! ಇದೇ ತಲೆನೋವು. ನೆಕ್ ತುದಿಯಲ್ಲಿ ತಂತಿ ಕೂರೋ ಪಟ್ಟಿ, ಅಂದ್ರೆ ನಟ್, ಅದರ ಕಚ್ಚು 42ಕ್ಕೆ ಕೊರೆದಿರೋದು, 50 ಅದರಲ್ಲಿ ಕೂರಲ್ಲ, ಸಿಕ್ಕಾಕೊಳ್ಳುತ್ತೆ. ತಂತಿ ಬಿಗಿ ಮಾಡೋ ಪೆಗ್ ತಿರುಗಿಸ್ತಾ ಇರ್ತೀರ, ಟ್ಯೂನರ್ ಮುಳ್ಳು ಅಲ್ಲಾಡಲ್ಲ. ಆಮೇಲೆ ಒಂದೇ ಸಲ ಜಾರಿ ಎಲ್ಲೋ ಹೋಗಿ ನಿಲ್ಲುತ್ತೆ. ಪೆಗ್ ಕೆಟ್ಟಿದೆ ಅಂತ ಪೆಗ್ ಬದಲಾಯಿಸೋರಿದಾರೆ, ದುಡ್ಡು ದಂಡ. ಬಿಚ್ಚಿದ ಹಳೇ 42 ತಂತಿಗೆ 600 ನಂಬರ್ ಸ್ಯಾಂಡ್‌ಪೇಪರ್ ಸುತ್ತಿ, ಕಚ್ಚಿನ ಎರಡೂ ಬದಿ ಉಜ್ಜಿ. ತಳ ಮುಟ್ಟಬೇಡಿ. ತಳ ಇಳಿದ್ರೆ ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿಯುತ್ತೆ, ಆಮೇಲೆ ನಟ್ಟೇ ಹೊಸದು. ಕೊನೆಗೆ ಪೆನ್ಸಿಲ್ ಮೊನೆ ತಿಕ್ಕಿ. ಶ್ರುತಿ ಯಾವಾಗ್ಲೂ ಕೆಳಗಿನಿಂದ ಮೇಲಕ್ಕೆ ಸೇರಿಸಿ.

ಅಂದಹಾಗೆ, ಬ್ಲ್ಯಾಕ್ ಸಬ್ಬತ್‌ನ 1970ರ ಮೊದಲ ಆಲ್ಬಮ್‌ನಲ್ಲಿ ಗಿಟಾರ್ ಶುರುವಾಗೋದೇ ಮೂರು ಸ್ವರದಿಂದ: ಸ, ಮೇಲಿನ ಸ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ತಂಪಾಗಿ ಬರೋ ಅದೇ ಮ. ಅಲ್ಲಿ ಗಮಕವಿಲ್ಲ, ಪಂಚಮಕ್ಕೂ ಏರಲ್ಲ, ಮ ಮೇಲೇ ನಿಂತು ನಡುಗುತ್ತೆ, ಅದಕ್ಕೇ ಹೆದರಿಕೆ... ಅಯ್ಯೋ, ಈ ಶಾಟ್ ಮುಗೀತಾ ಬಂತು.

ಬೇಗ ಬೇಗ. 12ನೇ ಫ್ರೆಟ್ ಒತ್ತಿ ನೋಡಿ, ಟ್ಯೂನರ್‌ನಲ್ಲಿ ಸ್ವರ ಮೇಲಿದ್ರೆ ತಂತಿಯ ಕೆಳತುದಿ ಕೂರೋ ಸ್ಯಾಡಲ್ ಹಿಂದಕ್ಕೆ. 9-42 ಇಟ್ಕೊಂಡೋರು ನೆಕ್ ಒಳಗಿನ ಲೋಹದ ಸಲಾಕೆ, ಅಂದ್ರೆ ಟ್ರಸ್ ರಾಡ್, ಸಡಿಲಿಸಿ, ಒಂದು ಸಲಕ್ಕೆ ಕಾಲು ಸುತ್ತು, ಜಾಸ್ತಿ ಬೇಡ. ಆಂಪ್‌ನಲ್ಲಿ ಬಾಸ್ ಏರಿಸೋಕೆ ಕೈ ಹೋಗುತ್ತೆ, ತಡೀರಿ. ಆ ಸದ್ದಿಗೆ ಅಯೋಮಿ ಲೇನಿ ಕಂಪನಿಯ ಆಂಪ್ ಮುಂದೆ ಇಟ್ಟಿದ್ದು ಬಾಸ್ ಅಲ್ಲ, ಚೂಪು ಸದ್ದು ಏರಿಸೋ ಟ್ರೆಬಲ್ ಬೂಸ್ಟರ್.