ಪೋಲರೈಸರ್ ತಿರುಗಿಸಿದರೆ ಅಮೈಡ್ ಪೀಕ್ ಜರುಗೋದು ಯಾಕೆ?

[ತೆರೆಯ ಮೇಲೆ: ಎರಡು ರೋಹಿತಗಳು, ಒಂದರ ಮೇಲೊಂದು]

ಒಂದೇ ಕ್ಯುವೆಟ್ (ದ್ರವ ಹಾಕೋ ಪಾರದರ್ಶಕ ಪುಟ್ಟ ಪಾತ್ರೆ), ಒಂದೇ ದ್ರವ: ಡೈಮೀಥೈಲ್ ಫಾರ್ಮಮೈಡ್, ಅಂದ್ರೆ ಡಿಎಂಎಫ್. 1,660 ಸೆಂ.ಮೀ⁻¹ ಆಸುಪಾಸಿನ ಈ ಪೀಕ್ ಮುಖ್ಯವಾಗಿ ಕಾರ್ಬನ್-ಆಕ್ಸಿಜನ್ ದ್ವಿಬಂಧದ ಕಂಪನ. ಹೆಸರು ಅಮೈಡ್-1 (ಅಮೈಡ್ ಅಂದ್ರೆ ಈ ಕಾರ್ಬನ್ನಿಗೆ ನೈಟ್ರೋಜನ್ ಅಂಟಿರೋ ಗುಂಪು). ಅಣುವಿಗೆ ಅಂಥ ಬಂಧ ಒಂದೇ. ಆದ್ರೂ ಪೀಕ್ ಎರಡು ಜಾಗದಲ್ಲಿದೆ!

ರಾಮನ್ ಚದುರಿಕೆ (ಅಣುವಿನ ಕಂಪನದಿಂದಾಗಿ ಚದುರಿದ ಬೆಳಕಿನ ಬಣ್ಣ ಬದಲಾಗೋದು) ಗೊತ್ತಿದೆ ಅಂದ್ಕೊಂಡು ನೇರ ಜೋಡಣೆಗೆ ಹೋಗೋಣ. 532 ನ್ಯಾನೋಮೀಟರ್ ಲೇಸರ್, ಲಂಬ ಧ್ರುವೀಕರಣ, 90 ಡಿಗ್ರಿಯಲ್ಲಿ ಬೆಳಕಿನ ಸಂಗ್ರಹ. ನಂತರ ಅನಲೈಸರ್, ಅಂದ್ರೆ ಚದುರಿದ ಬೆಳಕಿನ ದಾರಿಯಲ್ಲಿಟ್ಟ, ನಾವು ತಿರುಗಿಸೋ ಪೋಲರೈಸರ್. ಅದರಾಚೆ ಸ್ಕ್ರ್ಯಾಂಬ್ಲರ್, ಅಂದ್ರೆ ಧ್ರುವೀಕರಣವನ್ನು ಕಲಸಿಬಿಡೋ ಭಾಗ. ಸ್ಕ್ರ್ಯಾಂಬ್ಲರ್ ಬಿಟ್ಟರೆ ಅಳತೆ ಕೆಡುತ್ತೆ, ಯಾಕಂದ್ರೆ ಬೆಳಕನ್ನು ಬಣ್ಣಗಳಾಗಿ ಬಿಡಿಸೋ ಗ್ರೇಟಿಂಗ್ ಎರಡೂ ಧ್ರುವೀಕರಣಗಳನ್ನು ಸಮನಾಗಿ ಕಳಿಸಲ್ಲ. ಅನಲೈಸರ್ ಲಂಬವಾಗಿಟ್ಟು ಒಂದು ರೋಹಿತ, ಅಡ್ಡವಾಗಿಟ್ಟು ಇನ್ನೊಂದು. ಲಂಬದ್ದರಿಂದ ಅಡ್ಡದ್ದರ 4/3 ಪಟ್ಟು ಕಳೆದರೆ ಐಸೊಟ್ರೋಪಿಕ್ ರೋಹಿತ (ಅಣು ತಿರುಗಿರೋ ದಿಕ್ಕಿಗೆ ಸಂಬಂಧವಿಲ್ಲದ ಭಾಗ). ಅಡ್ಡದ್ದೇ ಅನೈಸೊಟ್ರೋಪಿಕ್ (ದಿಕ್ಕನ್ನು ಅವಲಂಬಿಸಿದ ಭಾಗ).

ಮೊದಲು ಕಾರ್ಬನ್ ಟೆಟ್ರಾಕ್ಲೋರೈಡ್ ಇಟ್ಟು ಪರೀಕ್ಷಿಸಿ. ಅಡ್ಡ-ಲಂಬ ಅನುಪಾತ 459ರ ಪೀಕ್‌ಗೆ ಸೊನ್ನೆಯ ಹತ್ತಿರ, 314ಕ್ಕೆ 0.75 ಬರಬೇಕು. 459ರದ್ದು ಏರಿದ್ರೆ ಅನಲೈಸರ್ ಓರೆಯಾಗಿದೆ, ಇಲ್ಲವೇ ಲೆನ್ಸ್ ತೀರಾ ಅಗಲ ಕೋನದ ಬೆಳಕು ಹಿಡೀತಿದೆ. ವಿಷಕಾರಿ ದ್ರಾವಕ ಇದು: ಫ್ಯೂಮ್ ಹುಡ್, ಮುಚ್ಚಳದ ಕ್ಯುವೆಟ್.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಂದೇ ಹಗ್ಗಕ್ಕೆ ಕಟ್ಟಿದ ಉಯ್ಯಾಲೆಗಳನ್ನು ಊಹಿಸಿಕೊಳ್ಳಿ. ಒಂದನ್ನು ತೂಗಿದ್ರೆ ಹಗ್ಗದ ಮೂಲಕ ಪಕ್ಕದ್ದೂ ಅಲುಗುತ್ತೆ. ಡಿಎಂಎಫ್ ಅಣುಗಳ ನಡುವಿನ ಹಗ್ಗ ಅಂದ್ರೆ ಅವುಗಳ ಕಂಪಿಸುವ ದ್ವಿಧ್ರುವಗಳು (ಒಂದು ತುದಿ ಧನ, ಇನ್ನೊಂದು ಋಣ ವಿದ್ಯುತ್ತಿನ ಜೋಡಿಗಳು). ಅಣುಗಳು ಪರಸ್ಪರ ಸೆಳೆಯುವಂತೆ ತಿರುಗಿ ನಿಂತಿರೋದ್ರಿಂದ, ಒಟ್ಟಿಗೆ ಒಂದೇ ತಾಳದಲ್ಲಿ ತೂಗೋ ಕಂಪನದ ಆವರ್ತನ ಇಳಿಯುತ್ತೆ. ಐಸೊಟ್ರೋಪಿಕ್ ರೋಹಿತ ಹೆಚ್ಚಾಗಿ ಹಿಡಿಯೋದು ಆ ಒಗ್ಗಟ್ಟಿನ ತೂಗಾಟವನ್ನೇ, ಹಾಗಾಗಿ ಅದರ ಪೀಕ್ ಕೆಳಗೆ. ಡಿಎಂಎಫ್‌ನಲ್ಲಿ ನೈಟ್ರೋಜನ್ ಮೇಲೆ ಹೈಡ್ರೋಜನ್ನೇ ಇಲ್ಲ, ನೋಡಿ! ಫಾರ್ಮಮೈಡ್‌ನಲ್ಲಿರೋ ಥರದ ಹೈಡ್ರೋಜನ್ ಬಂಧದ ಜಾಲ ಇಲ್ಲದೆಯೂ ದ್ರವದೊಳಗೆ ಇಷ್ಟು ಕ್ರಮ ಇದೆ.

ಪುರಾವೆ? ಟೆಟ್ರಾಕ್ಲೋರೈಡ್‌ನಲ್ಲಿ ಡಿಎಂಎಫ್ ಅನ್ನು ಹಂತಹಂತವಾಗಿ ತೆಳು ಮಾಡಿ. ನೆರೆಯ ಅಣುಗಳು ದೂರವಾದಂತೆ ಎರಡು ಪೀಕ್‌ಗಳ ಅಂತರ ಮುಚ್ಚಿಕೊಳ್ಳುತ್ತೆ.

ಸಮಯ ಕಮ್ಮಿ, ನೀರಿನ ದ್ರಾವಣ ಬೇಗ ಮುಗಿಸ್ತೀನಿ. ನೈಟ್ರೋಜನ್ ಮೇಲೆ ಹೈಡ್ರೋಜನ್ ಇರೋ ಇನ್ನೊಂದು ಅಮೈಡ್ ಎನ್-ಮೀಥೈಲ್ ಅಸಿಟಮೈಡ್ ತಂಪು ಕೋಣೆಯಲ್ಲಿ ಗಟ್ಟಿಯಾಗುತ್ತೆ, ಬೆಚ್ಚಗೆ ಮಾಡಿ ತೂಗಿ: 10 ಮಿಲಿಲೀಟರ್‌ 1 ಮೋಲಾರ್ ದ್ರಾವಣಕ್ಕೆ 0.731 ಗ್ರಾಂ. ಶುದ್ಧ ದ್ರವದ 1,650ರ ಪೀಕ್ ನೀರಿನಲ್ಲಿ 1,625ರ ಹತ್ತಿರಕ್ಕೆ ಇಳಿಯುತ್ತೆ, ಅಮೈಡ್-3 (ಕಾರ್ಬನ್-ನೈಟ್ರೋಜನ್ ಹಿಗ್ಗು ಮತ್ತು ನೈಟ್ರೋಜನ್-ಹೈಡ್ರೋಜನ್ ಬಾಗು ಬೆರೆತ ಕಂಪನ) ಮೇಲೇರುತ್ತೆ. ನೀರಿನ 1,640ರ ಪಟ್ಟಿ ರಾಮನ್‌ನಲ್ಲಿ ದುರ್ಬಲ, ಆದ್ರೂ ಬರೀ ನೀರಿನ ರೋಹಿತ ತೆಗೆದು ಕಳೆಯಿರಿ. ಅದನ್ನು ತಪ್ಪಿಸೋಕೆ ಭಾರಜಲ ಬಳಸಿದ್ರೆ ನೈಟ್ರೋಜನ್ ಮೇಲಿನ ಹೈಡ್ರೋಜನ್ ಡ್ಯುಟೀರಿಯಂಗೆ ಬದಲಾಗುತ್ತೆ, ಅಮೈಡ್-3 ಇದ್ದ ಜಾಗದಲ್ಲಿ ಸಿಗಲ್ಲ.