ಕಿಟೆಲ್ ಅಂದರೆ ಯಾವ ಕಿಟೆಲ್?

ಹಿರಿಯರೇ, ಗೆಳೆಯರೇ,

ಧಾರವಾಡದಲ್ಲಿ ನಿಂತು ಫರ್ಡಿನಾಂಡ್ ಕಿಟೆಲ್ ಯಾರೆಂದು ಹೇಳಲು ಹೊರಟರೆ ನಿಮ್ಮ ಹೊತ್ತು ಹಾಳುಮಾಡಿದಂತಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ-ಇಂಗ್ಲಿಷ್ ನಿಘಂಟಿನ ಯಾವುದಾದರೊಂದು ಮರುಮುದ್ರಣ ಈ ಸಭೆಯ ಹಲವರ ಮನೆಯ ಕಪಾಟಿನಲ್ಲಿ ಇದ್ದೇ ಇದೆ. ಆದ್ದರಿಂದ ನಿಘಂಟಿನ ಒಳಗಿನದನ್ನು ನಿಮಗೇ ಬಿಟ್ಟು, ಅದರ ಬೆನ್ನಿನ ಮೇಲೆ ಅಚ್ಚಾಗಿರುವ ಹೆಸರೊಂದನ್ನೇ ಇಂದು ಎತ್ತಿಕೊಳ್ಳುತ್ತೇನೆ. ಸ್ಮರಣೆಯ ಸಭೆಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತಿವೆ. ‘ಕಿಟೆಲ್ ಎಂದರೆ ಅಂಗಿ, ಆದ್ದರಿಂದ ಅವರ ಹಿರಿಯರು ದರ್ಜಿಗಳು’ ಎಂಬುದು ಒಂದು. ‘ಅವರು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು, ಆದ್ದರಿಂದ ಅದು ಆ ಕಡೆಯ ಮನೆತನ’ ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿಲ್ಲ. ಪದಕ್ಕೆ ಪದ ತೂಗಿ, ಸಾಕ್ಷಿಯಿಲ್ಲದೆ ಒಂದು ಅರ್ಥವನ್ನೂ ಬರೆಯದ ಮನುಷ್ಯನ ಹೆಸರಿನ ವಿಷಯದಲ್ಲೇ ನಾವು ಇಷ್ಟು ಸಡಿಲವಾಗಿ ಮಾತಾಡುವುದು ನನಗೆ ಸಹಿಸಲಾಗಿಲ್ಲ. ಹೆಸರಿನ ಅರ್ಥ ಒಂದು ಪ್ರಶ್ನೆ, ಮನೆತನದ ಮೂಲ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದಕ್ಕೆ ಸಿಕ್ಕಂತಲ್ಲ.

ಈ ಹುಡುಕಾಟ ನನ್ನಲ್ಲಿ ಹುಟ್ಟಿದ್ದು ಒಂದು ಗ್ರಂಥಾಲಯದಲ್ಲಿ. ಬಹಳ ವರ್ಷಗಳ ಹಿಂದಿನ ಮಾತು. ‘ಮೇಟಿ’ ಎಂಬ ಪದದ ಹಳೆಯ ಪ್ರಯೋಗಗಳನ್ನು ನೋಡಬೇಕಾಗಿತ್ತು. ಒಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, “ಕಿಟೆಲ್ ಕೊಡಿ” ಎಂದು ಕೇಳಿದೆ. ಅಲ್ಲಿದ್ದ ತರುಣ ಸಹಾಯಕರು ಒಳಗೆ ಹೋಗಿ, ರಟ್ಟು ಸಡಿಲಾದ, ಅಂಚುಗಳಲ್ಲೆಲ್ಲ ಪೆನ್ಸಿಲಿನ ಲೆಕ್ಕಗಳು ತುಂಬಿದ ಒಂದು ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು. ಅದು ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಕಿಟೆಲ್ ಅವರ ಘನಸ್ಥಿತಿ ಭೌತಶಾಸ್ತ್ರದ ಪಠ್ಯ. 1953ರಲ್ಲಿ ಮೊದಲು ಪ್ರಕಟವಾಗಿ, ತಲೆಮಾರುಗಳ ಎಂ.ಎಸ್‌ಸಿ. ವಿದ್ಯಾರ್ಥಿಗಳು ಬರೀ ‘ಕಿಟೆಲ್’ ಎಂದೇ ಕರೆಯುತ್ತ ಬಂದ ಪುಸ್ತಕ. “ಇದಲ್ಲಪ್ಪಾ, ನಿಘಂಟು ಕಿಟೆಲ್” ಎಂದೆ. ಪಕ್ಕದ ಮೇಜಿನಲ್ಲಿ ಓದುತ್ತಿದ್ದ ವಯಸ್ಸಾದ ಪಾದ್ರಿಯೊಬ್ಬರು ತಲೆಯೆತ್ತಿ, “ನಿಘಂಟು ಕಿಟೆಲ್ ಅಂದರೆ ಗ್ರೀಕ್ ನಿಘಂಟು ತಾನೆ? ಅದು ಇಲ್ಲಿ ಸಿಗುವುದಿಲ್ಲ, ನಮ್ಮ ಸೆಮಿನರಿಯಲ್ಲಿದೆ” ಎಂದರು. ಅವರು ಹೇಳಿದ್ದು ಗೆರ್‌ಹಾರ್ಡ್ ಕಿಟೆಲ್ ಸಂಪಾದಿಸಿದ, 1933ರಲ್ಲಿ ಮೊದಲ ಸಂಪುಟ ಹೊರಬಂದ, ಬೈಬಲ್ಲಿನ ಹೊಸ ಒಡಂಬಡಿಕೆಯ ಪದಗಳ ದೇವತಾಶಾಸ್ತ್ರೀಯ ನಿಘಂಟನ್ನು. ನನ್ನ ಕಿಟೆಲ್ ಕೊನೆಗೆ ಕನ್ನಡ ವಿಭಾಗದ ಬೀರುವಿನಿಂದ ಬಂತು. ಅಂದರೆ ಅರ್ಧ ಗಂಟೆಯೊಳಗೆ ಮೂವರು ಮನುಷ್ಯರು ಒಂದೇ ಹೆಸರು ಹೇಳಿ ಮೂರು ಪುಸ್ತಕಗಳನ್ನು ನೆನೆದಿದ್ದೆವು. ಲೇಖಕನ ಹೆಸರೇ ಪುಸ್ತಕದ ಹೆಸರಾಗಿಬಿಟ್ಟ ಉದಾಹರಣೆಗಳು ಬೇರೆಯೂ ಇವೆ. ಆದರೆ ಒಂದೇ ಅಡ್ಡಹೆಸರಿಗೆ, ಮೂರು ಬೇರೆ ಬೇರೆ ವಿದ್ಯೆಗಳಲ್ಲಿ, ಮೂರು ಸಲ ಹಾಗಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಗೆ ಬರುವ ದಾರಿಯಲ್ಲಿ ಎದ್ದ ಪ್ರಶ್ನೆ ಸಹಜವಾದದ್ದೇ: ಈ ಮೂವರೂ ಬಂಧುಗಳೇ? ಹೆಸರೊಂದನ್ನೇ ಆಧಾರವಾಗಿಟ್ಟುಕೊಂಡು ಹೌದೆನ್ನಲು ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದೇ ಇಂದಿನ ವಿಷಯ.

ಮೊದಲು ಪದ. ಜರ್ಮನ್ ಭಾಷೆಯಲ್ಲಿ ‘ಕಿಟೆಲ್’ ಎಂದರೆ ಉಳಿದ ಬಟ್ಟೆಯ ಮೇಲೆ ಸಡಿಲವಾಗಿ ತೊಡುವ ಹಗುರವಾದ ಮೇಲಂಗಿ. ಮಧ್ಯಯುಗದ ಜರ್ಮನ್‌ನಲ್ಲೇ ಈ ಪದವಿದೆ. ಗಂಡಸರೂ ಹೆಂಗಸರೂ ತೊಡುತ್ತಿದ್ದ ಉಡುಪು ಅದು. ಇಂದು ವೈದ್ಯರು ತೊಡುವ ಬಿಳಿಯ ಕೋಟಿಗೂ, ಪ್ರಯೋಗಾಲಯದ ಕೋಟಿಗೂ, ಕಾರ್ಖಾನೆಯ ಕೆಲಸದಂಗಿಗೂ ಅದೇ ಪದ. ಯೂರೋಪಿನ ಯಹೂದಿಗಳು ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರ್ ದಿನದಂದು ತೊಡುವ ಬಿಳಿಯ ನಿಲುವಂಗಿಯ ಹೆಸರೂ ಕಿಟೆಲ್. ಮದುವೆಯ ದಿನ ವರ ಅದನ್ನು ತೊಡುವ ರೂಢಿಯುಂಟು, ಸತ್ತಾಗ ಅದನ್ನೇ ತೊಡಿಸಿ ಮಣ್ಣುಮಾಡುವ ರೂಢಿಯೂ ಉಂಟು. ಪದದ ಬೇರು ಹತ್ತಿಯನ್ನು ಸೂಚಿಸುವ ಅರಬ್ಬಿ ಶಬ್ದದಲ್ಲಿರಬಹುದೆಂದು ಕೆಲವು ನಿರುಕ್ತಕಾರರು ಊಹಿಸಿದ್ದಾರೆ. ಅದು ಊಹೆಯೇ ಹೊರತು ತೀರ್ಮಾನವಲ್ಲ.

ಅಂಗಿಯ ಹೆಸರು ಮನುಷ್ಯನಿಗೆ ಅಂಟಿಕೊಂಡ ಬಗೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಕುಬಸದ ಎಂಬ ಹೆಸರಿನವರ ನಡುವೆ ಬೆಳೆದವರು ನಾವು. ನಮ್ಮ ‘ಅಡ್ಡಹೆಸರು’ ಎಂಬ ಮಾತನ್ನು ಗಮನಿಸಿ: ಕೆಲವು ಕಡೆ ಅದು ಮನೆತನದ ಹೆಸರು, ಕೆಲವು ಕಡೆ ಜನ ಇಟ್ಟ ಕರೆಹೆಸರು. ಜರ್ಮನ್ ವಿದ್ವಾಂಸರು ಮನೆತನದ ಹೆಸರುಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ. ತಂದೆಯ ಹೆಸರಿನಿಂದ ಬಂದವು, ಕಸುಬಿನಿಂದ ಬಂದವು, ಬಂದ ಊರಿನಿಂದ ಹುಟ್ಟಿದವು, ವಾಸದ ಜಾಗದಿಂದ ಹುಟ್ಟಿದವು, ಕೊನೆಯದು ಕರೆಹೆಸರೇ ಗಟ್ಟಿಯಾಗಿ ನಿಂತವು. ಕಿಟೆಲ್ ಈ ಕೊನೆಯ ಗುಂಪಿನದು. ಮಾಂಟೆಲ್ ಎಂದರೆ ಹೊದೆಯುವ ಮೇಲಂಗಿ, ರೋಥೆರ್ಮೆಲ್ ಎಂದರೆ ಕೆಂಪು ತೋಳಿನವ, ಇವೂ ಹಾಗೆಯೇ. ಸದಾ ಅಂಥ ಅಂಗಿ ತೊಡುತ್ತಿದ್ದವನನ್ನು ಹಾಗೆ ಕರೆದಿರಬಹುದು, ಅದನ್ನು ಹೊಲಿಯುತ್ತಿದ್ದವನನ್ನೂ ಕರೆದಿರಬಹುದು. ದರ್ಜಿಯೆಂಬುದು ಎರಡು ಸಾಧ್ಯತೆಗಳಲ್ಲಿ ಒಂದು, ಅಷ್ಟೆ.

ಮುಖ್ಯವಾದ ಮಾತು ಇಲ್ಲಿದೆ. ಅಂಗಿ ಎಲ್ಲ ಊರಲ್ಲೂ ಇತ್ತು. ಸುಮಾರು ಹನ್ನೆರಡರಿಂದ ಹದಿನೈದನೆಯ ಶತಮಾನದವರೆಗೆ, ಊರು ಬೆಳೆದು, ಒಂದೇ ಬೀದಿಯಲ್ಲಿ ನಾಲ್ಕು ಜನ ಹಾನ್ಸ್‌ಗಳಾದಾಗ, ಕಂದಾಯ ಬರೆಯುವವರು ಒಬ್ಬ ಹಾನ್ಸ್‌ನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ಎರಡನೆಯ ಹೆಸರು ಹಿಡಿದರು. ಹತ್ತು ಊರುಗಳಲ್ಲಿ ಹತ್ತು ಜನ ‘ಅಂಗಿಯ ಹಾನ್ಸ್’ ಆಗಲು ಅಡ್ಡಿಯೇನೂ ಇರಲಿಲ್ಲ. ಹೀಗೆ ಹಲವು ಕಡೆ ಸ್ವತಂತ್ರವಾಗಿ ಹುಟ್ಟಿದ ಹೆಸರಿಗೆ ಒಂದು ಮೂಲಪುರುಷನನ್ನು ಹುಡುಕುವುದು ಎಲ್ಲ ಕುಬಸದರನ್ನೂ ಒಂದೇ ವಂಶವೃಕ್ಷಕ್ಕೆ ನೇತುಹಾಕಿದ ಹಾಗೆ. ಹೆಸರಿನ ಅರ್ಥ ಒಂದು, ಮನೆತನದ ಮೂಲ ಇನ್ನೊಂದು.

ಹಾಗಾದರೆ ಕಿಟೆಲ್‌ಗಳು ಎಲ್ಲಿದ್ದರು? ಹೆಸರುವಾಸಿಯಾದವರ ಜಾಡು ಹಿಡಿದು ಹೋಗೋಣ. ಜರ್ಮನ್ ಸಂಗೀತ ರಚನಕಾರ ಹೈನ್ರಿಷ್ ಶ್ಯೂಟ್ಸ್‌ನ ಶಿಷ್ಯ, ಸಂಗೀತಗಾರ ಕಾಸ್ಪರ್ ಕಿಟೆಲ್ 1603ರಲ್ಲಿ ಸ್ಯಾಕ್ಸನಿಯ ಲೌವೆನ್‌ಷ್ಟೈನ್‌ನಲ್ಲಿ ಹುಟ್ಟಿ ಡ್ರೆಸ್ಡೆನ್ ಆಸ್ಥಾನದಲ್ಲಿದ್ದ. ಇನ್ನೊಬ್ಬ ಪ್ರಸಿದ್ಧ ರಚನಕಾರ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಯೋಹಾನ್ ಕ್ರಿಸ್ಟಿಯಾನ್ ಕಿಟೆಲ್ 1732ರಲ್ಲಿ, ನಮ್ಮ ಕಿಟೆಲ್ ಹುಟ್ಟುವುದಕ್ಕೆ ಸರಿಯಾಗಿ ನೂರು ವರ್ಷ ಮೊದಲು, ತ್ಯೂರಿಂಗಿಯಾದ ಎರ್ಫುರ್ಟ್‌ನಲ್ಲಿ ಹುಟ್ಟಿ ಅಲ್ಲೇ 1809ರಲ್ಲಿ ತೀರಿಕೊಂಡ. ಇನ್ನು ಬೊಹೀಮಿಯಾದ ಉತ್ತರದ ಅಂಚಿನ ಯಿಜೆರಾ ಬೆಟ್ಟಗಳಲ್ಲಿ 1704ರಿಂದ 1783ರವರೆಗೆ ಬಾಳಿದ ವೈದ್ಯ ಕಿಟೆಲ್. ಈತನ ವಿಷಯದಲ್ಲಿ ಸ್ವಲ್ಪ ನಿಲ್ಲಲು ಅಪ್ಪಣೆ ಕೊಡಿ. ಗಿಡಮೂಲಿಕೆ ಬಲ್ಲವನು, ದೂರದೂರದಿಂದ ರೋಗಿಗಳು ಹುಡುಕಿಕೊಂಡು ಬರುತ್ತಿದ್ದವನು. ಕ್ರಾಸ್ನಾ ಎಂಬ ಹಳ್ಳಿಯಲ್ಲಿ ಅವನ ದೊಡ್ಡ ಮನೆ ಇಂದಿಗೂ ನಿಂತಿದೆ. ಇಷ್ಟು ಗುಣಪಡಿಸುವವನಿಗೆ ಸೈತಾನನ ಸಹಾಯವಿಲ್ಲದೆ ಆಗುತ್ತದೆಯೇ ಎಂದು ಜನ ಮಾತಾಡಿಕೊಂಡು ಅವನನ್ನು, ಸೈತಾನನಿಗೆ ಆತ್ಮ ಮಾರಿದನೆಂಬ ಜರ್ಮನ್ ಕಥೆಯವನಂತೆ, ಆ ಬೆಟ್ಟಗಳ ಫೌಸ್ಟ್ ಮಾಡಿದರು. ಜನಪದ ಕಥೆಗಳಲ್ಲಿ ಅವನು ಮಂತ್ರದ ನಿಲುವಂಗಿಯ ಮೇಲೆ ಕೂತು ಹಾರುತ್ತಾನೆ. ಅಂಗಿಯ ಹೆಸರಿನವನನ್ನು ಜನ ನಿಲುವಂಗಿಯ ಮೇಲೇ ಕೂರಿಸಿದರು! ಇಂಥದ್ದನ್ನು ಯಾವ ನಿಘಂಟುಕಾರನೂ ಹೊಲಿಯಲಾರ.

ಸ್ಯಾಕ್ಸನಿ, ತ್ಯೂರಿಂಗಿಯಾ, ಉತ್ತರ ಬೊಹೀಮಿಯಾ, ಜೊತೆಗೆ ಪಕ್ಕದ ಸೈಲೀಷಿಯಾ: ಪೂರ್ವ-ಮಧ್ಯದ ಈ ಪಟ್ಟಿಯಲ್ಲಿ ಹೆಸರು ದಟ್ಟವಾಗಿದೆ. ಆದರೆ ಈಗಿನ ಹಂಚಿಕೆಯ ನಕ್ಷೆಯನ್ನು ಬಿಡಿಸಿ ನೋಡುವವರು ಎಚ್ಚರದಿಂದಿರಬೇಕು. ಫ್ರೈಬುರ್ಗ್‌ನ ಕೊನ್ರಾಡ್ ಕುನ್ಸೆ ಮತ್ತು ಮೈನ್ಸ್‌ನ ದಮಾರಿಸ್ ನ್ಯೂಬ್ಲಿಂಗ್ ಅವರ ಮುಂದಾಳತನದಲ್ಲಿ 2009ರಿಂದ ಸಂಪುಟಗಳಾಗಿ ಬಂದ ಜರ್ಮನ್ ಮನೆತನದ ಹೆಸರುಗಳ ಭೂಪಟಕ್ಕೆ ಆಧಾರ 2005ರ ಸ್ಥಿರ ದೂರವಾಣಿ ಸಂಪರ್ಕಗಳ ಪಟ್ಟಿ. ಅದು ಅಮೂಲ್ಯವಾದ ಕೆಲಸ. ಆದರೂ ಅಂಥ ಪಟ್ಟಿಯಲ್ಲಿ ಎಣಿಕೆಯಾಗುವುದು ತಲೆಗಳಲ್ಲ, ಸಂಪರ್ಕಗಳು. ಬರೀ ಒಟ್ಟು ಸಂಖ್ಯೆ ನೋಡಿದರೆ ಬಹಳಷ್ಟು ಹೆಸರುಗಳಿಗೆ ಬರ್ಲಿನ್ ಮತ್ತು ಹ್ಯಾಂಬುರ್ಗ್ ದೊಡ್ಡದಾಗಿಯೇ ಕಾಣುತ್ತವೆ, ಏಕೆಂದರೆ ಅಲ್ಲಿ ಜನವೇ ಹೆಚ್ಚು. ಆ ಜಿಲ್ಲೆಯ ಜನಸಂಖ್ಯೆಯೊಡನೆ ಭಾಗಿಸಿದಾಗ ಮಾತ್ರ ಹೆಸರಿನ ಗಟ್ಟಿ ನೆಲೆ ತೋರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಕ್ಷೆ ಇರುವುದು ಇಂದಿನ ಜರ್ಮನಿಯದು. ಸೈಲೀಷಿಯಾದ ಬಹುಭಾಗ ಇಂದು ಪೋಲೆಂಡಿನಲ್ಲಿದೆ, ಬೊಹೀಮಿಯಾ ಚೆಕ್ ಗಣರಾಜ್ಯದಲ್ಲಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮತ್ತು ಅದರ ಬೆನ್ನಿಗೇ ಆ ನಾಡುಗಳ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಚೆಕೊಸ್ಲೊವಾಕಿಯಾ ಒಂದರಿಂದಲೇ ಸುಮಾರು 30 ಲಕ್ಷ ಜನ. ಶತಮಾನಗಳ ಕಾಲ ಒಂದು ಹೆಸರು ಬೇರೂರಿದ್ದ ಕಡೆ ನಕ್ಷೆ ಖಾಲಿ. ಅಂಥ ಹೆಸರುಗಳು ಬವೇರಿಯಾದಲ್ಲೋ ಲೋವರ್ ಸ್ಯಾಕ್ಸನಿಯಲ್ಲೋ ಚದುರಿ ಕಾಣುತ್ತವೆ. ಬವೇರಿಯಾದ ಕೌಫ್‌ಬೊಯ್‌ರೆನ್ ಪಟ್ಟಣಕ್ಕೆ ಸೇರಿದ ಒಂದು ಬಡಾವಣೆಯ ಹೆಸರೇ ನೊಯ್‌ಗಾಬ್ಲೊಂಟ್ಸ್, ಎಂದರೆ ಹೊಸ ಗಾಬ್ಲೊಂಟ್ಸ್. ವೈದ್ಯ ಕಿಟೆಲ್‌ನ ಬೆಟ್ಟದ ಬುಡದ ಗಾಬ್ಲೊಂಟ್ಸ್ ಪಟ್ಟಣದಿಂದ ಹೊರದೂಡಲ್ಪಟ್ಟ ಗಾಜಿನ ಕುಶಲಕರ್ಮಿಗಳು ಬಂದು ಕಟ್ಟಿಕೊಂಡ ನೆಲೆ ಅದು. ಗಾಬ್ಲೊಂಟ್ಸ್‌ನ ಹೆಸರು ನಮ್ಮ ದೇಶಕ್ಕೂ ಹೊಸದಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಭಾರತದ ಹೆಂಗಸರ ಕೈಗೆ ಬಂದ ಗಾಜಿನ ಬಳೆಗಳಲ್ಲಿ ಬಹಳಷ್ಟು ಅಲ್ಲಿಯ ಕುಲುಮೆಗಳವು. ನಕ್ಷೆಯ ಮೇಲೆ ಬವೇರಿಯಾದಲ್ಲಿ ಒಂದು ಚುಕ್ಕೆ ಕಂಡು ‘ಇವರ ಮೂಲ ಬವೇರಿಯಾ’ ಎಂದುಬಿಟ್ಟರೆ, ಒಂದು ಇಡೀ ಜನಸಮುದಾಯದ ಗಡೀಪಾರನ್ನು ಅಳಿಸಿಹಾಕಿದಂತಾಗುತ್ತದೆ. ನನ್ನ ಮಾತಿನ ಒತ್ತಾಯ ಇರುವುದು ಇಲ್ಲೇ.

ಈಗ ನಮ್ಮ ಕಿಟೆಲ್. 1832ರ ಏಪ್ರಿಲ್‌ನಲ್ಲಿ ಅವರು ಹುಟ್ಟಿದ್ದು ಆ ಪೂರ್ವ-ಮಧ್ಯದ ಪಟ್ಟಿಯಿಂದ ಬಹುದೂರ, ಜರ್ಮನಿಯ ವಾಯವ್ಯದ ತುದಿಯಲ್ಲಿ, ಉತ್ತರ ಸಮುದ್ರದ ದಂಡೆಯ ಪೂರ್ವ ಫ್ರೀಸ್‌ಲಾಂಡಿನ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ. ಆ ಸೀಮೆಯ ಹೆಸರಿನ ಪದ್ಧತಿ ಹಳೆಯ ಮೈಸೂರಿನವರಿಗೆ ಥಟ್ಟನೆ ತಿಳಿಯುವಂಥದ್ದು. ಅಲ್ಲಿ ಮನೆತನದ ಹೆಸರು ಎಂಬುದೇ ಬಹುಮಟ್ಟಿಗೆ ಇರಲಿಲ್ಲ. ಮಗನ ಹೆಸರಿನ ಪಕ್ಕ ತಂದೆಯ ಹೆಸರು, ಮೊಮ್ಮಗನಿಗೆ ಬರುವಾಗ ಅದೂ ಬದಲು. ಹಾರ್ಮ್‌ನ ಮಗ ಯಾನ್ ಹಾರ್ಮ್ಸ್, ಯಾನ್‌ನ ಮಗ ಹಾರ್ಮ್ ಯಾನ್ಸನ್. 1811ರಲ್ಲಿ, ಆ ಸೀಮೆ ನೆಪೋಲಿಯನ್ನನ ಆಳ್ವಿಕೆಯಲ್ಲಿದ್ದಾಗ, ಎಲ್ಲರೂ ಒಂದು ಸ್ಥಿರವಾದ ಮನೆಹೆಸರು ಹಿಡಿಯಬೇಕೆಂದು ಆಜ್ಞೆಯಾಯಿತು. ಆ ಆಜ್ಞೆಗೆ ಜನ ಸುಲಭವಾಗಿ ಬಗ್ಗಲಿಲ್ಲ. ಇಂದಿಗೂ ಅಲ್ಲಿ ಅತಿ ಹೆಚ್ಚಿನ ಹೆಸರು ಯಾನ್ಸನ್.

ಆಜ್ಞೆಯಾದ 21 ವರ್ಷಕ್ಕೆ, ಯಾನ್ಸನ್‌ಗಳ ನಡುವೆ, ಕಿಟೆಲ್ ಎಂಬ ಹೆಸರಿನ ಮಗು ಹುಟ್ಟುತ್ತದೆ. ಅದು ತಂದೆಯ ಹೆಸರಿನಿಂದಾದ ಹೆಸರಲ್ಲ, ಫ್ರೀಸ್‌ಲಾಂಡಿನ ಮಣ್ಣಿನ ಹೆಸರೂ ಅಲ್ಲ. ತಂದೆ ಅಲ್ಲಿಯ ಪಾದ್ರಿಯಾಗಿದ್ದರು ಎಂಬುದನ್ನು ನೆನೆದರೆ ಒಗಟು ಸಡಿಲಾಗುತ್ತದೆ. ಹಳ್ಳಿಯ ರೈತ ಹುಟ್ಟಿದ ಊರಲ್ಲೇ ಉಳಿಯುತ್ತಿದ್ದ. ಪಾದ್ರಿ, ಶಿಕ್ಷಕ, ಅಧಿಕಾರಿ ಇವರು ನೇಮಕವಾದ ಕಡೆ ಹೋಗುತ್ತಿದ್ದರು, ಹೆಸರನ್ನೂ ಜೊತೆಗೆ ಒಯ್ಯುತ್ತಿದ್ದರು. ನಕ್ಷೆಯಲ್ಲಿ ಒಂಟಿಯಾಗಿ ಬಿದ್ದಿರುವ ಚುಕ್ಕೆಯ ಹಿಂದೆ ಎಷ್ಟೋ ಸಲ ಇಂಥ ವರ್ಗಾವಣೆಯೊಂದು ಇರುತ್ತದೆ. ಮಗ ಅದೇ ಹೆಸರನ್ನು ಬಾಸೆಲ್‌ಗೆ, 1853ರಲ್ಲಿ ಬಾಸೆಲ್ ಮಿಷನ್ನಿನ ಮಿಷನರಿಯಾಗಿ ಮಂಗಳೂರಿಗೆ, ಆಮೇಲೆ ಇದೇ ಧಾರವಾಡ-ಹುಬ್ಬಳ್ಳಿಗೆ ಒಯ್ದರು. 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡದ್ದು ಹಿಂತಿರುಗಿ ಹೋಗಿ ನೆಲೆಸಿದ ಮೇಲೆ. ಹತ್ತಿರದ ಏನಿಂಗೆನ್‌ನಲ್ಲಿ 1853ರಲ್ಲಿ ಹುಟ್ಟಿದ ಹೀಬ್ರೂ ಪಂಡಿತ ರೂಡಾಲ್ಫ್ ಕಿಟೆಲ್, ಅವನ ಮಗನೇ ಆ ಗ್ರೀಕ್ ನಿಘಂಟಿನ ಗೆರ್‌ಹಾರ್ಡ್, ಇವರನ್ನು ನಮ್ಮ ಕಿಟೆಲ್ ಮನೆತನಕ್ಕೆ ಸೇರಿಸುವವರು ಊರು ಮತ್ತು ಹೆಸರು ಎರಡನ್ನೇ ನೋಡಿ ಹಾಗೆ ಮಾಡುತ್ತಾರೆ. ಗೆರ್‌ಹಾರ್ಡ್ 1933ರಲ್ಲಿ ನಾಜಿ ಪಕ್ಷ ಸೇರಿ ಯಹೂದಿಗಳ ವಿರುದ್ಧ ಬರೆದವನು. ಹೆಸರಿನಿಂದ ಬಂಧುತ್ವ ಕಟ್ಟುವವರು ಅದರ ಜೊತೆಗೆ ಏನೇನು ಕಟ್ಟಿಕೊಂಡು ಬರುತ್ತದೆ ಎಂಬುದನ್ನೂ ಯೋಚಿಸಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಉಚ್ಚಾರದ ಬಗ್ಗೆ ಎರಡೇ ಮಾತು. ಜರ್ಮನ್ ಬರಹದಲ್ಲಿ ಈ ಹೆಸರಿಗೆ ಎರಡು ಟಕಾರಗಳಿವೆ, ಆದರೆ ಅಲ್ಲಿ ಇಮ್ಮಡಿ ಅಕ್ಷರ ಹಿಂದಿನ ಸ್ವರ ಹ್ರಸ್ವವೆಂದು ತಿಳಿಸುವ ಗುರುತು, ನಮ್ಮ ಒತ್ತಕ್ಷರದಂತಲ್ಲ. ‘ಬೆಟ್ಟ’ದ ಟ್ಟ ಅಲ್ಲಿಲ್ಲ. ಕೊನೆಯ ಎಕಾರವೂ ತೇಲಿಹೋಗಿ ‘ಕಿಟ್‌ಲ್’ ಎಂಬಂತೆ ಕೇಳುತ್ತದೆ. ಹಾಗಾಗಿ ‘ಕಿಟೆಲ್’ ಎಂದೇ ನಾನು ಬರೆಯುತ್ತೇನೆ. ‘ಕಿಟ್ಟೆಲ್’ ಎಂದು ರೂಢಿಯಾದವರೊಡನೆ ಜಗಳವಿಲ್ಲ.

ನಿಜವಾಗಿ ವಿರಳವಾದ ಹೆಸರು ಬೇಕೆಂದರೆ ಮೊಗ್ಲಿಂಗ್ ಇದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1811ರಲ್ಲಿ ವ್ಯುರ್ಟೆಂಬೆರ್ಗ್‌ನ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದರು. ಅದೇ ವ್ಯುರ್ಟೆಂಬೆರ್ಗ್‌ನ ಬೋಬ್ಲಿಂಗೆನ್‌ನಲ್ಲಿ 1596ರಲ್ಲಿ ಡೇನಿಯಲ್ ಮೊಗ್ಲಿಂಗ್ ಎಂಬ ವೈದ್ಯ ಹುಟ್ಟಿದ್ದ. ಹೆಸರು ವಿರಳವಾದಷ್ಟೂ, ಒಂದೇ ಸೀಮೆಯಲ್ಲಿ ಗಟ್ಟಿಯಾಗಿ ಕೂತಷ್ಟೂ, ಹೊತ್ತವರು ಒಂದೇ ಬುಡದವರಾಗಿರುವ ಸಂಭವ ಹೆಚ್ಚು. ಕಿಟೆಲ್ ವಿಷಯದಲ್ಲಿ ಕೈಕೊಡುವ ನಕ್ಷೆ ಮೊಗ್ಲಿಂಗ್ ವಿಷಯದಲ್ಲಿ ಕೈಹಿಡಿಯಬಹುದು. ಆದರೂ ಚರ್ಚಿನ ದಾಖಲೆಪುಸ್ತಕ ತೆರೆಯದೆ ಮುಂದೆ ಹೋಗುವಂತಿಲ್ಲ. ಸರ್ಕಾರಿ ಜನನ-ಮರಣ ನೋಂದಣಿ ಜರ್ಮನ್ ಸಾಮ್ರಾಜ್ಯದ ಉದ್ದಗಲಕ್ಕೆ ಜಾರಿಗೆ ಬಂದದ್ದು 1876ರ ಜನವರಿ 1ರಂದು. ಅದಕ್ಕೆ ಹಿಂದಿನದು ಬಹುಮಟ್ಟಿಗೆ ಪಾದ್ರಿಗಳ ಕೈಬರಹ, ಬರೆದವರ ಕಿವಿಗೆ ಕೇಳಿದಂತೆ ಕಾಗುಣಿತ. ಇಲ್ಲಿರುವ ತರುಣರಲ್ಲಿ ಯಾರಾದರೂ ಈ ಹುಡುಕಾಟಕ್ಕೆ ಇಳಿಯುವುದಾದರೆ, ಮೊಗ್ಲಿಂಗ್‌ನ ಮೊದಲ ಸ್ವರದ ಮೇಲೆ ಜರ್ಮನ್‌ನಲ್ಲಿ ಎರಡು ಚುಕ್ಕೆಗಳಿವೆ ಎಂಬುದನ್ನು ಮರೆಯಬೇಡಿ. ಚುಕ್ಕೆಯಿಟ್ಟು ಒಮ್ಮೆ, ಚುಕ್ಕೆ ಬಿಟ್ಟು ಒಮ್ಮೆ, ಚುಕ್ಕೆಯ ಬದಲು ರೋಮನ್ ಲಿಪಿಯ ‘e’ ಅಕ್ಷರ ಸೇರಿಸಿ ಒಮ್ಮೆ, ಹೀಗೆ ಮೂರು ಸಲ ಹುಡುಕಿ. ಗ್ರಂಥಾಲಯಗಳ ಪಟ್ಟಿಗಳಲ್ಲಿ ಅವರು ಮೂರು ಕಡೆ ಹಂಚಿಹೋಗಿರುತ್ತಾರೆ.

ನಮಸ್ಕಾರ.