ಇಲ್ಲದ ಅಣುವನ್ನು ಕಟ್ಟಿ, ಇರುವ ಅಣುವನ್ನು ಓದುವುದು

ಪರದೆ ಮೇಲೆ ಎರಡು ಚಿತ್ರಗಳಿವೆ, ನೋಡಿ. ಎಡಗಡೆಯದು ಥೈಮಿನ್, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು. ಬಲಗಡೆಯದು ಯಾವ ಜೀವಿಯಲ್ಲೂ ಇಲ್ಲ. ರಸಾಯನವಿಜ್ಞಾನಿಗಳು ಬೇಕೆಂದೇ ಕಟ್ಟಿದ್ದು. ಹೆಸರು ಡೈಫ್ಲೂರೋಟಾಲ್ಯೂಯೀನ್. ನಾಲಿಗೆ ತೊಡರಿದರೆ ನಕಲಿ ಥೈಮಿನ್ ಎಂದುಕೊಳ್ಳೋಣ. ದೂರದಿಂದ ಎರಡೂ ಅವಳಿಗಳ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಗೊತ್ತಾಗುತ್ತದೆ: ಆಕ್ಸಿಜನ್ ಇದ್ದ ಎರಡು ಕಡೆ ಫ್ಲೂರಿನ್ ಬಂದು ಕೂತಿದೆ, ಉಂಗುರದೊಳಗಿನ ನೈಟ್ರೋಜನ್‌ಗಳ ಜಾಗವನ್ನು ಕಾರ್ಬನ್ ಹಿಡಿದಿದೆ. ಆಕಾರ ಹೆಚ್ಚುಕಮ್ಮಿ ಅದೇ. ಹೈಡ್ರೋಜನ್ ಬಂಧ ಬೆಸೆಯುವ ಶಕ್ತಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಇಂಥದ್ದನ್ನು ಯಾಕಾದರೂ ಮಾಡಬೇಕು? ಎ ಎದುರು ಟಿ, ಜಿ ಎದುರು ಸಿ ಎಂದು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಮೊದಲ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಎರಡನೆಯದಕ್ಕೆ ಮೂರು. ಅದಕ್ಕೇ ನಕಲು ತಪ್ಪಿಲ್ಲದೆ ಆಗುತ್ತದೆ ಎನ್ನುವುದು ನಾವು ಕಲಿತ ಕಥೆ. ಹಾಗಾದರೆ ಆ ಬಂಧಗಳನ್ನೇ ಕಿತ್ತುಹಾಕಿದರೆ? ಎರಿಕ್ ಕೂಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಾಡಿದ್ದು ಅದನ್ನೇ. ಡಿಎನ್‌ಎ ಎಳೆಯೊಂದರಲ್ಲಿ ಈ ನಕಲಿಯನ್ನು ಕೂರಿಸಿ, ನಕಲು ತೆಗೆಯುವ ಕಿಣ್ವವಾದ ಪಾಲಿಮರೇಸ್‌ನ ಕೈಗೆ ಕೊಟ್ಟರು. ಅದು ಎದುರಿಗೆ ಎ ಅಕ್ಷರವನ್ನೇ ಹಾಕಿತು, ಅದೂ ಅಸಲಿ ಥೈಮಿನ್ ಇದ್ದಾಗಿನಷ್ಟೇ ಸರಾಗ ಎನ್ನುವ ಮಟ್ಟಿಗೆ!

ಇಲ್ಲಿ ಸ್ವಲ್ಪ ನಿಲ್ಲೋಣ. ಕಿಣ್ವವಿಲ್ಲದೆ ಬರೀ ಎರಡು ಎಳೆಗಳನ್ನು ಜೋಡಿಸಿದಾಗ, ಇದೇ ನಕಲಿ ಇರುವ ಜಾಗ ತಪ್ಪು ಜೋಡಿ ಇದ್ದ ಹಾಗೆ ಸಡಿಲವಾಗಿತ್ತು. ಅಂದರೆ ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಕೆಲಸವೇ ಬೇರೆ, ನಕಲು ಮಾಡುವಾಗ ಸರಿಯಾದ ಅಕ್ಷರವನ್ನು ಆರಿಸುವ ಕೆಲಸವೇ ಬೇರೆ. ಎರಡನೆಯದರಲ್ಲಿ ಕಿಣ್ವ ತನ್ನ ಇಕ್ಕಟ್ಟಾದ ಬಿಲದೊಳಗೆ ಜೋಡಿಯ ಆಕಾರವನ್ನು ಅಳೆದು ನೋಡುತ್ತದೆ. ಎಲ್ಲ ಪಾಲಿಮರೇಸ್‌ಗಳೂ ಹೀಗಲ್ಲ. ಹಾನಿಗೊಂಡ ಡಿಎನ್‌ಎಯನ್ನು ದಾಟಿಸಿಕೊಂಡು ಹೋಗುವ ಕೆಲವು ಕಿಣ್ವಗಳ ಬಿಲ ಅಗಲ, ಅವು ಹೈಡ್ರೋಜನ್ ಬಂಧವನ್ನು ಹೆಚ್ಚು ನೆಚ್ಚಿಕೊಂಡಿವೆ. ಎಷ್ಟು ವರ್ಷ ಡಿಎನ್‌ಎಯನ್ನು ಸುಮ್ಮನೆ ನೋಡುತ್ತಾ ಕೂತಿದ್ದರೂ ಈ ಎರಡು ಕೆಲಸಗಳನ್ನು ಬಿಡಿಸಿ ನೋಡಲು ಆಗುತ್ತಿರಲಿಲ್ಲ. ಪ್ರಕೃತಿಯಲ್ಲಿ ಆಕಾರ, ಬಂಧ ಎರಡೂ ಒಟ್ಟಿಗೇ ಬರುತ್ತವೆ. ಬೇರ್ಪಡಿಸಬೇಕಾದರೆ ಕಟ್ಟಲೇಬೇಕು.

ಈ ದಾರಿ ಹಳೆಯದು. ಹರಗೋಬಿಂದ ಖುರಾನಾ 1960ರ ದಶಕದಲ್ಲಿ ಪುಟ್ಟ ಡಿಎನ್‌ಎ ತುಣುಕುಗಳನ್ನು ಅಕ್ಷರಕ್ಕೆ ಅಕ್ಷರ ಪೋಣಿಸಿ, ಕಿಣ್ವಗಳಿಂದ ಉದ್ದ ಮಾಡಿಸಿ, ಅದರಿಂದ ಯುಸಿಯುಸಿಯುಸಿ ಎಂದು ಹೋಗುವ ಆರ್‌ಎನ್‌ಎ ಪಡೆದರು (ಆರ್‌ಎನ್‌ಎಯಲ್ಲಿ ಟಿ ಬದಲು ಯು). ಅದನ್ನು ಓದಿ, ಅಮೈನೋ ಆಮ್ಲಗಳನ್ನು ಪೋಣಿಸುವ ಜೀವಕೋಶದ ಯಂತ್ರವಾದ ರೈಬೋಸೋಮ್ ಕೊಟ್ಟ ಪ್ರೋಟೀನಿನಲ್ಲಿ ಸೆರೀನ್, ಲ್ಯೂಸೀನ್, ಮತ್ತೆ ಸೆರೀನ್, ಮತ್ತೆ ಲ್ಯೂಸೀನ್. ಕಾಗದ ತೆಗೆದು ನೀವೇ ಬರೆದು ನೋಡಿ. ಎರಡೆರಡು ಅಕ್ಷರ ಓದಿದ್ದರೆ ಒಂದೇ ಅಮೈನೋ ಆಮ್ಲ ಬರಬೇಕಿತ್ತು. ನಾಲ್ಕು ನಾಲ್ಕು ಓದಿದ್ದರೂ ಒಂದೇ. ಮೂರು ಮೂರು ಓದಿದರೆ ಯುಸಿಯು, ಸಿಯುಸಿ ಎಂದು ಒಂದಾದಮೇಲೊಂದು ಬರುತ್ತವೆ. ಖುರಾನಾ ಅವರಿಗೆ 1968ರಲ್ಲಿ ನೊಬೆಲ್ ಬಂತು. ಆ ಕಾಲದಲ್ಲಿ ಪೋಣಿಸುವುದೆಂದರೆ ವರ್ಷಗಟ್ಟಲೆ ಬೆವರು. ಮಾರ್ವಿನ್ ಕರುಥರ್ಸ್ 1980ರ ದಶಕದ ಆರಂಭದಲ್ಲಿ ತಂದ ಫಾಸ್ಫೊರಾಮಿಡೈಟ್ ವಿಧಾನದಿಂದಾಗಿ ಈಗ ಅದನ್ನು ಯಂತ್ರಕ್ಕೆ ಬಿಡಬಹುದು.

ಅಕ್ಷರಗಳನ್ನು ಬಿಟ್ಟು ಅವನ್ನು ಹಿಡಿದಿರುವ ದಾರಕ್ಕೆ, ಅಂದರೆ ಸಕ್ಕರೆ ಮತ್ತು ಫಾಸ್ಫೇಟ್‌ಗಳ ಸರಪಳಿಗೆ ಬರೋಣ. ದಾರದ ಫಾಸ್ಫೇಟ್‌ಗಳಲ್ಲಿ ಪ್ರತಿಯೊಂದಕ್ಕೂ ಋಣಾವೇಶವಿದೆ. ಒಂದನ್ನೊಂದು ದೂರ ತಳ್ಳುವ ಇಷ್ಟೊಂದು ಆವೇಶ ಯಾಕೆ ಬೇಕಿತ್ತು, ಅದೊಂದು ಕಿರಿಕಿರಿಯಲ್ಲವೇ? ಸ್ಟೀವನ್ ಬೆನ್ನರ್ ತಂಡ ಫಾಸ್ಫೇಟ್ ತೆಗೆದು ಆವೇಶವಿಲ್ಲದ ಸಲ್ಫೋನ್ ಹಾಕಿತು. ತೀರಾ ಚಿಕ್ಕ ತುಣುಕುಗಳು ಹೇಳಿದ ಹಾಗೆ ಜೋಡಿಯಾದವು. ಉದ್ದ ಮಾಡಿದಂತೆ ಅವು ತಮ್ಮಷ್ಟಕ್ಕೆ ಮಡಚಿಕೊಂಡವು, ಗುಂಪುಗಟ್ಟಿದವು. ಒಂದೇ ಒಂದು ಅಕ್ಷರ ಬದಲಾದರೆ ಕರಗುವ ಗುಣವೂ ಬದಲು. ಅಕ್ಷರ ಯಾವುದೇ ಇರಲಿ, ಇಡೀ ಅಣು ಒಂದೇ ರೀತಿ ನಡೆದುಕೊಳ್ಳುವಂತೆ ಮಾಡುತ್ತಿದ್ದದ್ದು ಆ ಕಿರಿಕಿರಿಯೇ. ಪೀಟರ್ ನೀಲ್ಸನ್ ಮತ್ತಿತರರು 1991ರಲ್ಲಿ ತಂದ ಪಿಎನ್‌ಎಗೂ, ಅಂದರೆ ಸಕ್ಕರೆ-ಫಾಸ್ಫೇಟ್ ಬದಲು ಪ್ರೋಟೀನಿನಂಥ ದಾರವಿರುವ ಕೃತಕ ಅಣುವಿಗೂ ಆವೇಶವಿಲ್ಲ, ಅದು ಡಿಎನ್‌ಎಗೆ ಬಿಗಿಯಾಗಿಯೇ ಅಂಟುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅದೂ ಉದ್ದವಾದಷ್ಟೂ ನೀರಿನಲ್ಲಿ ಕರಗಲು ತಕರಾರು ಮಾಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಲ್ಬರ್ಟ್ ಎಶೆನ್ಮೋಸರ್ ಅವರ ಕೆಲಸ. ಐದು ಕಾರ್ಬನ್ನಿನ ಸಕ್ಕರೆಯೇ ಯಾಕೆ, ಆರು ಕಾರ್ಬನ್ನಿನದು ಯಾಕಲ್ಲ ಎಂದು ಅವರು ಕೇಳಿದರು. ಹೈಡ್ರಾಕ್ಸಿಲ್‌ಗಳೆಲ್ಲ (ಆಕ್ಸಿಜನ್-ಹೈಡ್ರೋಜನ್ ಗುಂಪುಗಳು) ಹಾಗೇ ಇರುವ ಆರರ ಸಕ್ಕರೆ ದಪ್ಪ, ಜೋಡಿಗೆ ಅಡ್ಡ ಬರುತ್ತದೆ. ಎರಡು ಹೈಡ್ರಾಕ್ಸಿಲ್ ಕತ್ತರಿಸಿ ಹೋಮೋ-ಡಿಎನ್‌ಎ ಮಾಡಿದಾಗ ಜೋಡಿ ಡಿಎನ್‌ಎಗಿಂತಲೂ ಬಿಗಿಯಾಯಿತು. ಜೊತೆಗೆ ಎಗೆ ಎಯೇ, ಜಿಗೆ ಜಿಯೇ ಅಂಟತೊಡಗಿದವು. ಮಾಮೂಲಿ ಡಿಎನ್‌ಎಯನ್ನಂತೂ ಅದು ಗುರುತೇ ಹಿಡಿಯಲಿಲ್ಲ. ಬಿಗಿತವೊಂದೇ ಅಳತೆಗೋಲಾಗಿದ್ದರೆ ನಮ್ಮ ಡಿಎನ್‌ಎ ಈ ಪಂದ್ಯದಲ್ಲಿ ಸೋತಂತೆಯೇ. 2000ದಲ್ಲಿ ಅವರ ತಂಡ ನಾಲ್ಕೇ ಕಾರ್ಬನ್ನಿನ ಥ್ರಿಯೋಸ್ ಸಕ್ಕರೆಯ ಟಿಎನ್‌ಎಯನ್ನು ಮುಂದಿಟ್ಟಿತು. ದಾರ ಗಿಡ್ಡ, ಆದರೂ ಅದು ಡಿಎನ್‌ಎ, ಆರ್‌ಎನ್‌ಎ ಎರಡರ ಜೊತೆಗೂ ಜೋಡಿಯಾಗುತ್ತದೆ. ಆರ್‌ಎನ್‌ಎಗೂ ಮುಂಚೆ ಇಂಥದ್ದೊಂದು ಇತ್ತೇ ಎಂದು ಕೇಳುವ ಧೈರ್ಯ ಬಂದದ್ದು ಅಲ್ಲಿಂದ. ಇತ್ತು ಎನ್ನುವುದಕ್ಕೆ ಅದು ಸಾಕ್ಷಿಯಲ್ಲ, ಇರಬಹುದಿತ್ತು ಎನ್ನುವುದಕ್ಕೆ ಮಾತ್ರ.

ಮೊದಲ ಚಿತ್ರವನ್ನೇ ಪರದೆ ಮೇಲೆ ಮತ್ತೆ ಹಾಕಿದ್ದೇನೆ. ಇನ್ನು ನಿಮ್ಮ ಪ್ರಶ್ನೆಗಳು.